ಡಿವಿಡಿ ಶ್ರಿಂಕ್: ಏನನ್ನು ಬಿಡಬೇಕಿತ್ತು, ಏನನ್ನು ಬಿಟ್ಟೆವು

ಅಂಗಡಿಯಲ್ಲಿ ಸಿಗುತ್ತಿದ್ದ ಸಿನಿಮಾ ಡಿವಿಡಿಗಳಲ್ಲಿ ಹೆಚ್ಚಿನವು ಎರಡು ಪದರದವು, ಒಂದೊಂದರಲ್ಲಿ 8.5 ಜಿಬಿ ಜಾಗ. ಅಗ್ಗಕ್ಕೆ ಸಿಗುತ್ತಿದ್ದ ಖಾಲಿ ಡಿಸ್ಕಿಗೆ ಒಂದೇ ಪದರ, 4.7 ಜಿಬಿ. ಈ ಅಂತರ ತುಂಬಲು ಬಂದ ತಂತ್ರಾಂಶಗಳಲ್ಲಿ ಡಿವಿಡಿ ಶ್ರಿಂಕ್‌ನಷ್ಟು ಜನರ ಕೈಗೆ ಒಗ್ಗಿದ್ದು ಇನ್ನೊಂದಿಲ್ಲ. ಪುಕ್ಕಟೆ ಸಿಗುತ್ತಿತ್ತು, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತಿತ್ತು. 2004ರಲ್ಲಿ ಬಂದ 3.2 ಅದರ ಕೊನೆಯ ಆವೃತ್ತಿ. ತಂತ್ರಾಂಶವಾಗಿ ಅದು ಅಪರೂಪದ್ದು. ಆದರೆ ಅದು ನಮಗೆ ಕಲಿಸಿದ ಅಭ್ಯಾಸ ಸಿನಿಮಾಗಳಿಗೆ ಒಳ್ಳೆಯದು ಮಾಡಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಅದರ ಜಾಣ್ಮೆ. ವಿಡಿಯೊ ಕುಗ್ಗಿಸುವ ಸರಿಯಾದ ದಾರಿಯೆಂದರೆ ಡಿವಿಡಿಯ ಎಂಪೆಗ್-2 ಚಿತ್ರವನ್ನು ಪೂರ್ತಿ ಬಿಚ್ಚಿ ಮತ್ತೆ ಎನ್‌ಕೋಡ್ ಮಾಡುವುದು. ಅಂದಿನ ಕಂಪ್ಯೂಟರಿಗೆ ಅದು ಇಡೀ ರಾತ್ರಿಯ ಕೆಲಸ. ಶ್ರಿಂಕ್ ಅಷ್ಟು ದೂರ ಹೋಗುವುದಿಲ್ಲ. ಚಿತ್ರದ ಯಾವ ಭಾಗ ಎತ್ತ ಸರಿಯಿತು ಎಂದು ಮೂಲ ಎನ್‌ಕೋಡರ್ ಬರೆದಿಟ್ಟ ಲೆಕ್ಕವನ್ನು ಹಾಗೇ ಉಳಿಸಿಕೊಂಡು, ಚಿತ್ರವನ್ನು ವಿಂಗಡಿಸಿದ ಪ್ರತಿ ಪುಟ್ಟ ಚೌಕದ ಸೂಕ್ಷ್ಮ ವಿವರಗಳ ಸಂಖ್ಯೆಗಳನ್ನು ಮಾತ್ರ ಇನ್ನಷ್ಟು ಒರಟಾಗಿ ರೌಂಡ್ ಆಫ್ ಮಾಡುತ್ತದೆ. ಹಾಗಾಗಿಯೇ ಆ ವೇಗ.

ಅದರ ದೋಷವೂ ಅಲ್ಲೇ ಇದೆ. ಡಿವಿಡಿಯಲ್ಲಿ ಒಂದು ಫ್ರೇಮ್ ತನ್ನ ಹಿಂದಿನ ಫ್ರೇಮನ್ನು ಆಧರಿಸಿ ನಿಂತಿರುತ್ತದೆ. ಒಂದರಲ್ಲಿ ಆದ ತಪ್ಪು ಮುಂದಿನದಕ್ಕೆ ದಾಟುತ್ತಾ, ಬೆಳೆಯುತ್ತಾ ಹೋಗಿ, ಸುಮಾರು ಅರ್ಧ ಸೆಕೆಂಡಿಗೊಮ್ಮೆ ಹೊಸ ಪೂರ್ಣ ಫ್ರೇಮ್ ಬಂದಾಗ ಮಾತ್ರ ಅಳಿಯುತ್ತದೆ. ಅತಿಯಾಗಿ ಕುಗ್ಗಿಸಿದ ಪ್ರತಿಯಲ್ಲಿ ದೀಪದ ಬೆಳಕಿನ ಒಂದು ದೃಶ್ಯ ಹಾಕಿ, ಪಾತ್ರದ ಮುಖ ಬಿಟ್ಟು ಹಿಂದಿನ ಗೋಡೆಯನ್ನು ನೋಡಿ. ಗೋಡೆಯ ನೆರಳು ಮಸುಕಾಗುತ್ತದೆ, ಥಟ್ಟನೆ ಸ್ಪಷ್ಟವಾಗುತ್ತದೆ, ಮತ್ತೆ ಮಸುಕಾಗುತ್ತದೆ. ಗೋಡೆ ಉಸಿರಾಡುತ್ತಿರುವಂತೆ ಕಾಣುತ್ತದೆ. ಛಾಯಾಗ್ರಾಹಕ ಗಂಟೆಗಟ್ಟಲೆ ನಿಂತು ಹದಗೊಳಿಸಿದ ಕತ್ತಲು ಅಲ್ಲಿ ಚೌಕಚೌಕವಾಗಿ ಒಡೆದಿರುತ್ತದೆ. ‘ಡೀಪ್ ಅನಾಲಿಸಿಸ್’ ಆಯ್ಕೆ ಕೊಟ್ಟರೆ ಯಾವ ದೃಶ್ಯಕ್ಕೆ ಎಷ್ಟು ಜಾಗ ಬೇಕೆಂದು ಮೊದಲೇ ಅಳೆದು ಹಂಚುವುದರಿಂದ ಕೊಂಚ ಸುಧಾರಿಸುತ್ತದೆ. ಬಹಳ ಜನ ಅಷ್ಟು ಹೊತ್ತು ಕಾಯುತ್ತಿರಲಿಲ್ಲ.

ನಮ್ಮ ಸಿನಿಮಾಗಳಿಗೆ ಪೆಟ್ಟು ಇನ್ನೂ ಜೋರು. ಎರಡು ಗಂಟೆಯ ಇಂಗ್ಲಿಷ್ ಚಿತ್ರವನ್ನು 4.7 ಜಿಬಿಗೆ ಇಳಿಸಿದರೆ ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್ ಸಿಗುತ್ತದೆ, ಸಹಿಸಬಹುದು. 2001ರ ‘ಲಗಾನ್’ 224 ನಿಮಿಷದ್ದು. ಅಷ್ಟು ಉದ್ದದ ಚಿತ್ರಕ್ಕೆ ಅದೇ ಡಿಸ್ಕಿನಲ್ಲಿ ಸಿಗುವುದು 2.8 ಮೆಗಾಬಿಟ್, ಅದರಲ್ಲೇ ಧ್ವನಿಯೂ ಸೇರಬೇಕು. ಧೂಳೆಬ್ಬಿಸಿ ಕುಣಿಯುವ ಗುಂಪು ಇಷ್ಟರಲ್ಲಿ ಉಳಿಯದು.

ಹಾಗಾದರೆ ಏನನ್ನು ಬಿಡಬೇಕಿತ್ತು? ಶ್ರಿಂಕ್‌ನಲ್ಲಿ ‘ರೀ-ಆಥರ್’ ಎಂಬ ವಿಭಾಗವಿದೆ. ಮೆನು, ಟ್ರೇಲರ್, ಬೇಡದ ಭಾಷೆಯ ಡಬ್ಬಿಂಗ್ ಎಲ್ಲವನ್ನೂ ಕೈಯಾರೆ ಆರಿಸಿ ತೆಗೆದು ಮುಖ್ಯ ಚಿತ್ರವನ್ನಷ್ಟೇ ಇಟ್ಟುಕೊಳ್ಳಬಹುದು. ಎಷ್ಟೋ ಡಿಸ್ಕುಗಳಲ್ಲಿ ಇಷ್ಟರಿಂದಲೇ ಚಿತ್ರವನ್ನು ಮುಟ್ಟದೆ ಕೆಲಸ ಮುಗಿಯುತ್ತಿತ್ತು. ಆದರೆ ‘ಆಟೊಮ್ಯಾಟಿಕ್’ ಎಂಬ ಆಯ್ಕೆ ಎದುರಿಗೇ ಇತ್ತು. ನಾವು ಅದನ್ನೇ ಒತ್ತಿದೆವು. ಯಾರೂ ಎರಡನೇ ಸಲ ನೋಡದ ಟ್ರೇಲರೂ ಉಳಿಯಿತು, ಅದಕ್ಕಾಗಿ ಚಿತ್ರವೂ ಕುಗ್ಗಿತು.

ತೆಗೆಯಲು ಕುಳಿತವರೂ ತಪ್ಪಾದುದನ್ನೇ ತೆಗೆದರು. ಎರಡು ಗಂಟೆಯ ಡಿಟಿಎಸ್ ಸರೌಂಡ್ ಧ್ವನಿಯ ಟ್ರ್ಯಾಕ್, ಸೆಕೆಂಡಿಗೆ 768 ಕಿಲೋಬಿಟ್‌ನದಾದರೂ, 690 ಎಂಬಿ ನುಂಗುತ್ತದೆ. ನಿರ್ದೇಶಕ ತನ್ನ ಚಿತ್ರದ ಬಗ್ಗೆ ಉದ್ದಕ್ಕೂ ಮಾತಾಡುವ ಕಾಮೆಂಟರಿ 192 ಕಿಲೋಬಿಟ್‌ನಲ್ಲಿ ಬರೀ 170 ಎಂಬಿ. ಸಬ್‌ಟೈಟಲ್ ಕೆಲವೇ ಎಂಬಿ. ಸ್ಟೀರಿಯೊ ಟಿವಿಯಷ್ಟೇ ಇದ್ದ ಮನೆಗಳಲ್ಲಿ ಡಿಟಿಎಸ್ ಉಳಿಸಿಕೊಂಡು ಕಾಮೆಂಟರಿಯ ಟಿಕ್ ತೆಗೆದದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಸಿನಿಮಾ ಕಲಿಯಬೇಕೆಂದಿದ್ದ ಹುಡುಗರಿಗೆ ಆ ಮಾತುಗಳಷ್ಟು ಅಗ್ಗದ ಪಾಠ ಬೇರೆಲ್ಲೂ ಇರಲಿಲ್ಲ.

ಕಾನೂನಿನ ಮಾತನ್ನೂ ಮರೆಮಾಚಬಾರದು. ಹೆಚ್ಚಿನ ಡಿಸ್ಕುಗಳಲ್ಲಿ ನಕಲು ತಡೆಯುವ ಬೀಗ ಒಡೆಯದೆ ಇದ್ಯಾವುದೂ ಆಗದು. ಅಮೆರಿಕದಲ್ಲಿ ಇಂಥದೇ ತಂತ್ರಾಂಶ ಮಾರುತ್ತಿದ್ದ 321 ಸ್ಟುಡಿಯೋಸ್ 2004ರಲ್ಲಿ ನ್ಯಾಯಾಲಯದಲ್ಲಿ ಸೋತು ಅದೇ ವರ್ಷ ಬಾಗಿಲು ಹಾಕಿತು. ನಮ್ಮಲ್ಲಿ 2012ರ ತಿದ್ದುಪಡಿ ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆಯುವುದನ್ನು ಅಪರಾಧವಾಗಿಸಿತು. ಕೊಂಡ ಡಿಸ್ಕಿಗೆ ಗೀರು ಬಿದ್ದೀತೆಂದು ಮನೆಗೊಂದು ಪ್ರತಿ ಇಟ್ಟುಕೊಂಡವರನ್ನೂ, ಒಂದೇ ಡಿಸ್ಕಿಗೆ ಮೂರು ಸಿನಿಮಾ ತುರುಕಿ ಫುಟ್‌ಪಾತಿನಲ್ಲಿ ಮಾರಿದವರನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗಲಾರೆ. ಎರಡನೆಯವರು ನಿರ್ಮಾಪಕನ ಹಣವನ್ನೂ ನೋಡುಗನ ಕಣ್ಣನ್ನೂ ಒಟ್ಟಿಗೆ ಕೆಡಿಸಿದರು.

ಇಂದು ಕುಗ್ಗಿಸುವ ಅಗತ್ಯವೇ ಇಲ್ಲ. ಒಂದು ಟೆರಾಬೈಟ್ ಹಾರ್ಡ್ ಡಿಸ್ಕಿನಲ್ಲಿ ಪೂರ್ತಿ ಗಾತ್ರದ ನೂರಕ್ಕೂ ಹೆಚ್ಚು ಡಿವಿಡಿ ಕೂರುತ್ತವೆ. ಇನ್ನೊಂದೆಡೆ, ಮನೆಯಲ್ಲಿ ಬರೆದ ಡಿಸ್ಕುಗಳ ಬಣ್ಣದ ಪದರ ವರ್ಷ ಕಳೆದಂತೆ ಕೆಡುತ್ತದೆ. ನಿಮ್ಮ ಕಪಾಟಿನಲ್ಲಿ ಮೂಲ ಡಿಸ್ಕುಗಳಿದ್ದರೆ, ಅದರಲ್ಲೂ ಮತ್ತೆ ಮಾರುಕಟ್ಟೆಗೆ ಬಾರದ ಕನ್ನಡ ಚಿತ್ರಗಳವಿದ್ದರೆ, ಪ್ರತಿ ಇದೆಯಲ್ಲ ಎಂದು ಅವನ್ನು ಗುಜರಿಗೆ ಹಾಕಬೇಡಿ.