ಕಿವಿಗಿಂತ ಮೇಲೇಳದ ಕೈ

ಕವಿತೆಯನ್ನಷ್ಟೇ ವಿಮರ್ಶಿಸಬೇಕು ಅಂತ ಯಾರು ಹೇಳಿದ್ದು? ಹೊಲದವರು ಬರೆದುಕೊಂಡ ನಿಯಮಗಳೂ ಸಾಹಿತ್ಯವೇ. ಆಗ ಅಮೆರಿಕದ ಆಳ್ವಿಕೆಯಲ್ಲಿದ್ದ ಒಕಿನಾವಾದ ಪುಟ್ಟ ದ್ವೀಪ ಇಎಜಿಮಾ. ಬಾಂಬು ಅಭ್ಯಾಸಕ್ಕೆಂದು ಸೈನ್ಯ ಹೊಲಗಳ ಮೇಲೆ ಕಣ್ಣು ಹಾಕಿದಾಗ, 1954ರಲ್ಲಿ ಅಲ್ಲಿನ ರೈತರು ತಮಗೆ ತಾವೇ ನಿಯಮ ಹಾಕಿಕೊಂಡರು. ಸಿಟ್ಟಾಗಬಾರದು. ಸುಳ್ಳಾಡಬಾರದು. ಕುಡುಗೋಲು, ದೊಣ್ಣೆ ಹಿಡಿದಿರಬಾರದು. ಕೈಯನ್ನು ಕಿವಿಗಿಂತ ಮೇಲೆ ಎತ್ತಬಾರದು. ಕೂತೇ ಮಾತಾಡಬೇಕು.

ಮೊದಲ ಓದಿಗೆ ಮೈ ಉರಿಯುತ್ತದೆ. ಬಾಯಿ ಮುಚ್ಚು, ಕೈ ಕಟ್ಟು ಅನ್ನುವ ಧಣಿಯ ಮಾತೇ ಅಲ್ಲವೆ ಇದು? ಅಲ್ಲ ಗೆಳೆಯರೆ. ಧಣಿಯೆದುರು ಆಳು ನಿಲ್ಲಬೇಕು, ಇವರು ಕೂರುತ್ತಾರೆ. ಎತ್ತಿದ ಕೈ ಬಂದೂಕಿಗೊಂದು ನೆಪ; ಆ ನೆಪವನ್ನೇ ಕಸಿಯುತ್ತಾರೆ. ಇದನ್ನು ಸಾಧುತನ ಅಂತ ಹೊಗಳುವವರು ಓದಿಯೇ ಇಲ್ಲ. ಇದು ಉಳುವವರ ರಾಜಕೀಯ.

1955ರ ಮಾರ್ಚಿಯಲ್ಲಿ ಬುಲ್ಡೋಜರು 13 ಮನೆ ಕೆಡವಿತು. ಜುಲೈಯಿಂದ ರೈತರು ಒಕಿನಾವಾದ ಉದ್ದಕ್ಕೂ ಭಿಕ್ಷೆ ಬೇಡುತ್ತ ನಡೆದರು. ಬೇಡುವುದು ನಾಚಿಕೆ, ಬೇಡಿಸುವುದು ಅದಕ್ಕಿಂತ ನಾಚಿಕೆ ಅಂತ ಸಾರಿದರು. ಅವಮಾನವನ್ನು ಅದರ ಒಡೆಯನ ಬಾಗಿಲಿಗೇ ಮುಟ್ಟಿಸಿದರು.

ಮುಂದಾಳು ಅಹಾಗೊನ್ ಶೋಕೋ 1984ರಲ್ಲಿ ಈ ಹೋರಾಟದ ನೆನಪಿಗೆ ವಸ್ತುಸಂಗ್ರಹಾಲಯ ಕಟ್ಟಿದರು, 2002ರಲ್ಲಿ ತೀರಿಕೊಂಡರು. ಒಂದು ಕಾಲಕ್ಕೆ ದ್ವೀಪದ ಅರ್ಧಕ್ಕಿಂತ ಹೆಚ್ಚು ನೆಲ ಸೈನ್ಯದ ಕೈಲಿತ್ತು. ಇವತ್ತಿಗೂ ಸುಮಾರು ಮೂರನೇ ಒಂದು ಭಾಗ ಬಿಟ್ಟಿಲ್ಲ. ಪೂರಾ ಗೆದ್ದರು ಅಂತ ಬರೆಯಲಾರೆ. ಸುಳ್ಳಾಡಬಾರದು ಅನ್ನುವುದು ಅವರದೇ ನಿಯಮ.