ಕೇಬಲ್ ಸೇರಿತು, ಕನ್ನಡ ಸೇರಲಿಲ್ಲ

ವಿಂಡೋಸ್ 98 ಕಂಪ್ಯೂಟರನ್ನು ಹೊಸ ವಿಂಡೋಸ್‌ಗೆ ಜೋಡಿಸೋದು ಹೇಗೆ ಅಂತ ಕೇಳಿದರೆ ಸಿಗೋ ಸಲಹೆ ಒಂದೇ: ‘ಎಸ್‌ಎಂಬಿ 1 ಆನ್ ಮಾಡಿ.’ ಈ ಸಲಹೆ ಮೇಲೆ ನನಗೆ ಎರಡು ತಕರಾರಿದೆ.

ಅಜ್ಜಂಪುರದ ನಮ್ಮ ದೊಡ್ಡಪ್ಪ ಮೇಷ್ಟ್ರು. ರಿಟೈರಾದ ಮೇಲೆ ಕೆರೆ, ಸಂತೆ, ಅಮೃತಮಹಲ್ ದನಗಳ ಬಗ್ಗೆ ಬರೆದದ್ದೆಲ್ಲ ಅಂಥದೊಂದು ಕಂಪ್ಯೂಟರಿನಲ್ಲಿತ್ತು. ಫ್ಲಾಪಿ ಡ್ರೈವ್ ಕೆಟ್ಟಿತ್ತು, ಪೆನ್‌ಡ್ರೈವ್‌ಗೆ ಡ್ರೈವರ್ ಇರಲಿಲ್ಲ, ಹಾರ್ಡ್‌ಡಿಸ್ಕ್ ಕರಕರ ಅನ್ನುತ್ತಿತ್ತು. ತರೀಕೆರೆ, ಕಡೂರು ಎರಡು ಕಡೆಯೂ ‘ಗುಜರಿಗೆ ಹಾಕಿ ಸಾರ್’ ಅಂದರು. ಉಳಿದದ್ದು ಲ್ಯಾನ್ ಕಾರ್ಡ್ ಒಂದೇ.

ಮೊದಲ ತಕರಾರು ಸುರಕ್ಷತೆಯದ್ದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಹರಡಿದ್ದು ಎಸ್‌ಎಂಬಿ 1ರ ತೂತಿನಿಂದಲೇ. ಅದೇ ವರ್ಷದ ವಿಂಡೋಸ್ 10, 1709 ಆವೃತ್ತಿಯಿಂದ ಅದು ತಾನಾಗಿ ಇನ್‌ಸ್ಟಾಲ್ ಆಗಲ್ಲ. ಅದು ಸರಿಯಾದ ನಿರ್ಧಾರವೇ. ನಾಲ್ಕು ಫೈಲಿಗೋಸ್ಕರ ಮುಚ್ಚಿದ ಹಿತ್ತಲ ಬಾಗಿಲು ಯಾಕೆ ತೆಗೀಬೇಕು? ವಿಂಡೋಸ್ 98ರಲ್ಲೇ ಎಫ್‌ಟಿಪಿ ಕಮಾಂಡ್ ಇದೆ. ಇಂಟರ್ನೆಟ್ ಕಿತ್ತು, ಲ್ಯಾಪ್‌ಟಾಪಿನಲ್ಲಿ ಎಫ್‌ಟಿಪಿ ಸರ್ವರ್ ಹಾಕಿ, ಎರಡರ ನಡುವೆ ಒಂದು ಕೇಬಲ್ ಎಳೆದೆ. ಒಂದಕ್ಕೆ 192.168.1.1, ಇನ್ನೊಂದಕ್ಕೆ 192.168.1.2 ವಿಳಾಸ. ‘ಬೈನರಿ’ ಅಂತ ಮೊದಲು ಟೈಪ್ ಮಾಡಿ ಆಮೇಲೆ ‘ಪುಟ್’. ಇಲ್ಲದಿದ್ದರೆ ವರ್ಡ್ ಫೈಲ್ ಕೆಡುತ್ತದೆ. ಫೈಲುಗಳು ಬಂದವು.

ಎರಡನೆಯ ತಕರಾರು ಶುರುವಾಗೋದು ಆಮೇಲೆ. ಫೈಲ್ ತೆರೆದರೆ ‘ಕನ್ನಡ’ ಇದ್ದ ಜಾಗದಲ್ಲಿ ಒಂದು ಪಿ, ತಲೆ ಮೇಲೆ ಗೀಟು ಹೊತ್ತ ಎ, ಒಂದು ಪೌಂಡ್ ಗುರುತು! ‘ಇದ್ಯಾವ ಭಾಷೆ ಕಣಪ್ಪ?’ ಅಂದರು ದೊಡ್ಡಪ್ಪ. ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡ ಇದ್ದರೂ ವಿಂಡೋಸ್ 98ಗೆ ಅದನ್ನು ಜೋಡಿಸಿ ತೋರಿಸಲು ಬರುತ್ತಿರಲಿಲ್ಲ. ಹಾಗಾಗಿ ಆಗಿನ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ.

ಪರಿವರ್ತಕ ಇದೆಯಲ್ಲ ಅಂತೀರಿ. ಇದೆ. ಆದರೆ ಅರ್ಕಾವೊತ್ತು ಕಣ್ಣಿಗೆ ಅಕ್ಷರದ ನಂತರ ಕಾಣುತ್ತದೆ, ಯೂನಿಕೋಡ್‌ನಲ್ಲಿ ಅದರ ರಕಾರ ಮೊದಲು ಬರಬೇಕು, ಅಲ್ಲಲ್ಲಿ ಎಡವುತ್ತದೆ. ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಕಲಸುತ್ತದೆ. ಎರಡು ರಾತ್ರಿ ನಾನು ಓದಿದೆ, ದೊಡ್ಡಪ್ಪ ತಿದ್ದಿದರು. ಒಂದು ಕೆರೆಯ ಹೆಸರು ಯಾವುದು ಅಂತ ಅವರಿಲ್ಲದೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ನೆಟ್‌ವರ್ಕ್ ಪಾಠಗಳು ಫೈಲ್ ದಾಟಿದ ಕೂಡಲೇ ಮುಗಿದುಬಿಡುತ್ತವೆ. ನಮಗೆ ಅಷ್ಟು ಸಾಲದು. ಫೈಲಿನ ಜೊತೆ ಫಾಂಟನ್ನೂ ಕಳಿಸಿ, ಮೂಲ ಪ್ರತಿ ಅಳಿಸಬೇಡಿ, ಬರೆದವರು ಇರುವಾಗಲೇ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ.