ಪಾತ್ರಚಲನೆಯ ಮೊದಲ ಪಾಠಕ್ಕೆ ತಕ್ಕ ತಂತ್ರಾಂಶ

ಮೂರು ಆಯಾಮದ ಅನಿಮೇಷನ್ನಿನಲ್ಲಿ ಪಾತ್ರಗಳನ್ನು ನಡೆಯಿಸಲು, ನಟಿಸುವಂತೆ ಮಾಡಲು ಕಲಿಯಬೇಕೆಂದಿರುವ ವಿದ್ಯಾರ್ಥಿ ಮೊಟ್ಟಮೊದಲು ಕೇಳುವ ಪ್ರಶ್ನೆ, ಯಾವ ತಂತ್ರಾಂಶದಿಂದ ತೊಡಗಬೇಕು ಎಂಬುದು. ಇದಕ್ಕೆ ಅಧ್ಯಾಪಕರಿಂದಲೂ ತರಬೇತಿ ಕೇಂದ್ರಗಳಿಂದಲೂ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ದೊಡ್ಡ ಸ್ಟುಡಿಯೋಗಳಲ್ಲಿ ಯಾವುದು ಬಳಕೆಯಲ್ಲಿದೆಯೋ ಅದನ್ನೇ ಹಿಡಿಯಬೇಕು; ಅಂದರೆ ಮಾಯಾ. ಈ ಉತ್ತರದಲ್ಲಿ ವ್ಯವಹಾರಜ್ಞಾನ ಇಲ್ಲದೆ ಇಲ್ಲ. ಆದರೆ ಕಲಿಯಬೇಕಾದ ವಸ್ತು ಯಾವುದು ಎಂಬ ವಿಚಾರವನ್ನು ಅದು ಬದಿಗೊತ್ತಿಬಿಡುತ್ತದೆ. ಉಪಕರಣದ ಆಯ್ಕೆ ಮೂರು ನಾಲ್ಕು ವರ್ಷಗಳ ವ್ಯಾಸಂಗದ ದಿಕ್ಕನ್ನೂ, ಅನೇಕ ವೇಳೆ ಮನೆಯವರು ಸಾಲ ಮಾಡಿ ಕಟ್ಟಿದ ಶುಲ್ಕದ ಫಲವನ್ನೂ ನಿರ್ಣಯಿಸುತ್ತದೆ. ಆದ್ದರಿಂದ ಇದನ್ನು ರೂಢಿಗೆ ಬಿಡದೆ ವಿಮರ್ಶಿಸಿ ನೋಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಮೊದಲು ಕಲಿಕೆಯ ವಸ್ತುವನ್ನು ಗೊತ್ತುಮಾಡಿಕೊಳ್ಳೋಣ. 1986ರಲ್ಲಿ ಪಿಕ್ಸಾರ್ ಸಂಸ್ಥೆ 'ಲುಕ್ಸೊ ಜೂನಿಯರ್' ಎಂಬ ಅತಿ ಚಿಕ್ಕ ಚಿತ್ರವನ್ನು ಹೊರತಂದಿತು. ಅದರಲ್ಲಿ ಇರುವುದು ಎರಡು ಮೇಜುದೀಪ, ಎರಡು ಚೆಂಡು. ದೀಪಗಳಿಗೆ ಮುಖವಿಲ್ಲ, ಕಣ್ಣಿಲ್ಲ, ಮಾತಿಲ್ಲ. ಆದರೂ ಒಂದು ತಂದೆಯೋ ತಾಯಿಯೋ ಎಂದೂ ಮತ್ತೊಂದು ಮಗುವೆಂದೂ ನೋಡಿದವರಿಗೆ ಸಂದೇಹವೇ ಹುಟ್ಟುವುದಿಲ್ಲ. ಮರುವರ್ಷ ಅದರ ನಿರ್ದೇಶಕ ಜಾನ್ ಲ್ಯಾಸೆಟರ್ ಸಿಗ್ರಾಫ್ ಸಮ್ಮೇಳನದಲ್ಲಿ ಒಂದು ಪ್ರಬಂಧವನ್ನು ಮಂಡಿಸಿ, ಕೈಯಿಂದ ಬರೆದ ಅನಿಮೇಷನ್ನಿನ ಹಳೆಯ ಸೂತ್ರಗಳು ಗಣಕಯಂತ್ರಕ್ಕೂ ಹೊಂದುತ್ತವೆ ಎಂದು ಪ್ರತಿಪಾದಿಸಿದನು. ಡಿಸ್ನಿ ಸ್ಟುಡಿಯೋದ ಹಿರಿಯರಾದ ಫ್ರ್ಯಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ ಈ ಸೂತ್ರಗಳನ್ನು ಹನ್ನೆರಡೆಂದು ಎಣಿಸಿ 1981ರಲ್ಲೇ ಗ್ರಂಥರೂಪಕ್ಕೆ ತಂದಿದ್ದರು. ವೇಳೆ, ಪೂರ್ವಸನ್ನಾಹ, ಅನುಚಲನೆ ಮೊದಲಾದ ಈ ಸೂತ್ರಗಳಲ್ಲಿ ಒಂದಾದರೂ ಯಾವುದೇ ತಂತ್ರಾಂಶದ ಮೆನುವಿನಲ್ಲಿ ಸಿಕ್ಕುವಂಥದಲ್ಲ.

ವಿಷಯವನ್ನು ಒಂದು ಚೆಂಡಿನಿಂದಲೇ ವಿಶದಪಡಿಸಬಹುದು. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಫ್ರೇಮು. ಮೇಲಿನಿಂದ ಕೈಬಿಟ್ಟ ಚೆಂಡು 12 ಫ್ರೇಮುಗಳಲ್ಲಿ, ಎಂದರೆ ಅರ್ಧ ಸೆಕೆಂಡಿನಲ್ಲಿ, ಸುಮಾರು 1.22 ಮೀಟರ್ ಬೀಳುತ್ತದೆ. ಮೊದಲ ಆರು ಫ್ರೇಮುಗಳಲ್ಲಿ ಅದು ಇಳಿಯುವುದು ಇದರ ಕಾಲುಭಾಗ, ಸುಮಾರು 30 ಸೆಂಟಿಮೀಟರ್. ಉಳಿದ 92 ಸೆಂಟಿಮೀಟರನ್ನು ಕಡೆಯ ಆರು ಫ್ರೇಮುಗಳಲ್ಲಿ ಕ್ರಮಿಸುತ್ತದೆ. ಸಮಕಾಲದ ಅಂತರಗಳಲ್ಲಿ ದೂರಗಳು 1, 3, 5, 7 ಎಂಬ ಬೆಸಸಂಖ್ಯೆಗಳಂತೆ ಬೆಳೆಯುತ್ತವೆಂದು ಗೆಲಿಲಿಯೊ ಕಂಡುಕೊಂಡ ನಿಯಮವನ್ನು ನಮ್ಮ ವಿದ್ಯಾರ್ಥಿಗಳು ಭೌತಶಾಸ್ತ್ರದ ತರಗತಿಯಲ್ಲಿ ಓದಿಯೇ ಇರುತ್ತಾರೆ. ಅದನ್ನು ಕಣ್ಣಿನಿಂದ ಗುರುತಿಸುವುದು ಬೇರೆಯ ಮಾತು.

ಈಗ ಇದೇ ಚೆಂಡನ್ನು ಗಣಕದಲ್ಲಿ ಬೀಳಿಸಿ ನೋಡೋಣ. ವಿದ್ಯಾರ್ಥಿ 1ನೆಯ ಫ್ರೇಮಿನಲ್ಲಿ ಚೆಂಡನ್ನು ಮೇಲಿಟ್ಟು ಒಂದು ಕೀಫ್ರೇಮ್ ಹಾಕುತ್ತಾನೆ. 13ನೆಯದರಲ್ಲಿ ನೆಲದ ಮೇಲಿಟ್ಟು ಇನ್ನೊಂದು. ನಡುವಣ ಸ್ಥಾನಗಳನ್ನೆಲ್ಲ ಯಂತ್ರವೇ ತುಂಬುತ್ತದೆ. ಹೇಗೆ ತುಂಬುತ್ತದೆ? ಎರಡು ತುದಿಗಳಲ್ಲಿಯೂ ಮೆಲ್ಲಗೆ, ನಡುವೆ ಬೇಗ. ಆದಕಾರಣ ಚೆಂಡು ನೆಲ ಸಮೀಪಿಸಿದಂತೆ ವೇಗ ತಗ್ಗಿಸಿಕೊಂಡು, ನೀರಿನಲ್ಲಿ ಕಲ್ಲು ತಳ ಸೇರುವುದಕ್ಕಿಂತಲೂ ಸೌಮ್ಯವಾಗಿ ಕುಳಿತುಬಿಡುತ್ತದೆ. ಮಾಯಾ ಆಗಲಿ ಬ್ಲೆಂಡರ್ ಆಗಲಿ, ತಾನಾಗಿ ಬಿಟ್ಟರೆ ಎರಡೂ ಮಾಡುವುದು ಇದನ್ನೇ. ಕಾಗದದ ಮೇಲೆ ಬರೆಯುವವನಿಗೆ ಈ ಅಪಾಯವಿರಲಿಲ್ಲ, ಏಕೆಂದರೆ ತಾನು ಬರೆಯದ ಹೊರತು ಅಲ್ಲಿ ಏನೂ ಚಲಿಸುತ್ತಿರಲಿಲ್ಲ. ಮೂರು ಆಯಾಮದಲ್ಲಿ ತೊಡಗಿದವನಿಗೆ ಮೊದಲ ದಿನವೇ ಚಲನೆ ದೊರೆಯುತ್ತದೆ. ಅದು ತನ್ನದಲ್ಲವೆಂದು ತಿಳಿಯಲು ವರ್ಷವೇ ಹಿಡಿಯಬಹುದು. ವಿದ್ಯಾರ್ಥಿಗಳ ಚಿತ್ರಗಳಲ್ಲಿ ಮನುಷ್ಯರೆಲ್ಲ ತೇಲುವಂತೆ ನಡೆಯುವುದಕ್ಕೆ ಮುಖ್ಯ ಕಾರಣ ಇದೇ.

ಇಲ್ಲಿಂದ ನಮಗೆ ಮೊದಲನೆಯ ಒರೆಗಲ್ಲು ದೊರಕುತ್ತದೆ. ಯಂತ್ರ ತುಂಬಿದ ಚಲನೆಯನ್ನು ಎಷ್ಟು ಸ್ಪಷ್ಟವಾಗಿ ತೋರಿಸುತ್ತದೆ, ಬೇಡವೆಂದರೆ ಎಷ್ಟು ಸುಲಭವಾಗಿ ಬಿಟ್ಟುಕೊಡುತ್ತದೆ ಎಂಬುದರಿಂದ ತಂತ್ರಾಂಶವನ್ನು ಅಳೆಯಬೇಕು. ಕಾಲವನ್ನು ಅಡ್ಡಲಾಗಿಯೂ ಎತ್ತರವನ್ನು ಉದ್ದಲಾಗಿಯೂ ಇಟ್ಟು ಚಲನೆಯನ್ನು ವಕ್ರರೇಖೆಯಾಗಿ ಕಾಣಿಸುವ ಗ್ರಾಫ್ ಎಡಿಟರ್ ಎರಡರಲ್ಲೂ ಇದೆ. ಕೀಫ್ರೇಮಿನಿಂದ ಕೀಫ್ರೇಮಿಗೆ ನಡುವಣ ಚಲನೆಯೇ ಇಲ್ಲದೆ ನೆಗೆಯುವಂತೆ ಮಾಡಿ, ಭಂಗಿಗಳನ್ನು ಮಾತ್ರ ಪರೀಕ್ಷಿಸುವ ಅನುಕೂಲವೂ ಎರಡರಲ್ಲಿದೆ. ಅದನ್ನು ಮೊದಲಿನಿಂದಲೇ ಕಾಯಂ ಮಾಡಿಡಬಹುದು. ಈ ಮುಖ್ಯ ವಿಷಯದಲ್ಲಿ ಮಾಯಾಕ್ಕೂ ಬ್ಲೆಂಡರಿಗೂ ಹೆಚ್ಚಿನ ತಾರತಮ್ಯವಿಲ್ಲ. ಸ್ಟುಡಿಯೋದ ಹೆಸರಿನಿಂದ ಆಯ್ಕೆಮಾಡುವವರು ಈ ಸಾಮ್ಯವನ್ನು ಗಮನಿಸಿದಂತೆ ತೋರುವುದಿಲ್ಲ.

ಎರಡನೆಯ ಒರೆಗಲ್ಲು ಗೊಂಬೆಯದು. ಪಾತ್ರದ ದೇಹಕ್ಕೆ ಮೂಳೆಗಳನ್ನೂ ಹಿಡಿಗಳನ್ನೂ ಜೋಡಿಸಿದ ವ್ಯವಸ್ಥೆಗೆ ರಿಗ್ ಎಂದು ಹೆಸರು. ಕುಂದಾಪುರದ ಬಳಿಯ ಉಪ್ಪಿನಕುದ್ರಿನ ಯಕ್ಷಗಾನ ಗೊಂಬೆಯಾಟವನ್ನು ನೋಡಿದವರಿಗೆ ಇದನ್ನು ಬಹಳ ವಿವರಿಸಬೇಕಾಗಿಲ್ಲ: ಸೂತ್ರ ಎಲ್ಲಿ ಕಟ್ಟಿದೆ ಎಂಬುದರ ಮೇಲೆ ಗೊಂಬೆ ಏನು ಮಾಡಬಲ್ಲುದು ಎಂಬುದು ನಿಂತಿದೆ. ಒಳ್ಳೆಯ ರಿಗ್ಗಿನಲ್ಲಿ ಕೈಯನ್ನು ಎರಡು ಬಗೆಯಾಗಿ ನಡೆಯಿಸಬಹುದು. ಭುಜ, ಮೊಣಕೈ, ಮಣಿಕಟ್ಟು ಎಂದು ಮೇಲಿನಿಂದ ಒಂದೊಂದಾಗಿ ತಿರುಗಿಸುವುದು ಒಂದು ಬಗೆ. ಬೀಸುವ ಕೈಗೆ ಇದು ಲೇಸು. ಅಂಗೈಯನ್ನು ಹಿಡಿದಿಟ್ಟರೆ ಮೊಣಕೈ ತಾನೇ ಹಿಂಬಾಲಿಸುವುದು ಇನ್ನೊಂದು. ಮೇಜಿನ ಮೇಲೆ ಊರಿದ ಕೈಗೆ ಇದು ಬೇಕೇಬೇಕು. ಇಂಥ ರಿಗ್ಗನ್ನು ಕಟ್ಟುವುದು ಸ್ವತಂತ್ರವಾದ ಒಂದು ವಿದ್ಯೆ. ಆಡಿಸಲು ಕಲಿಯಬೇಕಾದವನ ಮೊದಲ ವರ್ಷವನ್ನು ಕಟ್ಟುವುದರಲ್ಲಿ ಕಳೆಯುವುದು ನಮಗೆ ಸಮ್ಮತವಲ್ಲ. ಸಿದ್ಧವಾದ, ನಂಬಬಹುದಾದ ರಿಗ್ಗುಗಳು ಬಹುಕಾಲ ಹೆಚ್ಚಾಗಿ ದೊರಕುತ್ತಿದ್ದುದು ಮಾಯಾಕ್ಕೇ. ಆ ಕಾಲದಲ್ಲಿ ಅದನ್ನು ಶಿಫಾರಸು ಮಾಡಿದವರ ವಾದಕ್ಕೆ ಆಧಾರವಿತ್ತು. ಈಗ ಬ್ಲೆಂಡರ್ ಸ್ಟುಡಿಯೋ ತನ್ನ ಕಿರುಚಿತ್ರಗಳ ಪಾತ್ರಗಳನ್ನೇ ಕಲಿಯುವವರಿಗೆ ಬಿಟ್ಟುಕೊಟ್ಟಿರುವುದರಿಂದ ಆ ಕೊರತೆ ಮೊದಲ ಪಾಠದ ಮಟ್ಟಿಗೆ ನೀಗಿದೆ.

ಬ್ಲೆಂಡರಿನ ದೋಷ ಬೇರೆ ಕಡೆ ಇದೆ. ಅದರಲ್ಲಿ ಆಕಾರ ಕೆತ್ತುವುದು, ಬಣ್ಣ ಹಾಕುವುದು, ಬೆಳಕು ಕೊಡುವುದು, ಕಡೆಗೆ ಚಿತ್ರವನ್ನು ಜೋಡಿಸುವುದು, ಎಲ್ಲ ಒಂದೇ ಮನೆಯಲ್ಲಿ. ಪಾತ್ರಚಲನೆ ಕಲಿಯಬಂದವನು ಆರು ತಿಂಗಳು ಕಳೆದ ಮೇಲೆ ಸೊಗಸಾದ ಸಕ್ಕರೆ ಲೇಪದ ಒಂದು ಡೋನಟ್ಟನ್ನು ಮಾಡಿ ತೋರಿಸುತ್ತಾನೆ. ಬ್ಲೆಂಡರ್ ಕಲಿಯುವವರ ಅಕ್ಷರಾಭ್ಯಾಸ ಡೋನಟ್ಟಿನಿಂದಲೇ ಆಗಬೇಕೆಂಬುದು ಈಗ ಒಂದು ಸಂಪ್ರದಾಯವೆನ್ನುವಷ್ಟು ಬೇರೂರಿದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಡೋನಟ್ಟು ನಡೆಯುವುದಿಲ್ಲ. ಅದರ ವಿನ್ಯಾಸ ವಿಚಿತ್ರವೆಂಬ ಹಳೆಯ ಆಕ್ಷೇಪಣೆಯಾದರೋ 2019ರ 2.80ನೆಯ ಆವೃತ್ತಿಯವರೆಗೆ ತಕ್ಕಮಟ್ಟಿಗೆ ನಿಜವಾಗಿತ್ತು, ಈಗ ಅಷ್ಟು ಬೆಲೆಯುಳ್ಳದ್ದಲ್ಲ.

ಉದ್ಯಮದ ಬಳಕೆ ಎಂಬ ವಾದವನ್ನು ಇತಿಹಾಸದ ಬೆಳಕಿನಲ್ಲಿಯೂ ನೋಡಬೇಕು. 1986ರಲ್ಲಿ ಡೇನಿಯಲ್ ಲಾಂಗ್ಲ್ವಾ ಎಂಬುವನು ಮಾಂಟ್ರಿಯಲ್ ನಗರದಲ್ಲಿ ಸಾಫ್ಟ್‌ಇಮೇಜ್ ಸಂಸ್ಥೆಯನ್ನು ಸ್ಥಾಪಿಸಿದನು. 1993ರ 'ಜುರಾಸಿಕ್ ಪಾರ್ಕ್' ಚಿತ್ರದ ಗಣಕನಿರ್ಮಿತ ಡೈನೊಸಾರುಗಳ ಚಲನೆಗೆ ಅದರ ತಂತ್ರಾಂಶವೇ ಬಳಕೆಯಾಯಿತು. ಆಗ ಯಾವ ವಿದ್ಯಾರ್ಥಿ ಕೇಳಿದ್ದರೂ ಉದ್ಯಮದ ಉತ್ತರ ಸಾಫ್ಟ್‌ಇಮೇಜ್ ಎಂದೇ ಆಗುತ್ತಿತ್ತು. ಸಂಸ್ಥೆಯನ್ನು 1994ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. 1998ರಲ್ಲಿ ಅದು ಆವಿಡ್ ಸಂಸ್ಥೆಯ ಕೈಸೇರಿತು. 2008ರಲ್ಲಿ ಆಟೊಡೆಸ್ಕ್ ತೆಗೆದುಕೊಂಡಿತು. 2014ರಲ್ಲಿ ಆಟೊಡೆಸ್ಕ್ ಅದನ್ನು ನಿಲ್ಲಿಸುವುದಾಗಿ ಸಾರಿತು. ಚೆನ್ನಾಗಿ ನಡೆಯುತ್ತಿದ್ದ ಉಪಕರಣವೊಂದು ಅದನ್ನು ಬಳಸುತ್ತಿದ್ದವರ ಅಭಿಪ್ರಾಯಕ್ಕೆ ಆಸ್ಪದವಿಲ್ಲದೆ ಕಣ್ಮರೆಯಾಯಿತು. ಮಾಯಾ 1998ರಲ್ಲಿ ಏಲಿಯಾಸ್-ವೇವ್‌ಫ್ರಂಟ್ ಸಂಸ್ಥೆಯಿಂದ ಹೊರಬಂದು, 2006ರಿಂದ ಇದೇ ಆಟೊಡೆಸ್ಕಿನ ವಶದಲ್ಲಿದೆ. 2016ರ ಅನಂತರ ಅದನ್ನು ಶಾಶ್ವತವಾಗಿ ಕೊಳ್ಳುವ ಮಾರ್ಗವಿಲ್ಲ, ಬಾಡಿಗೆಗೆ ಮಾತ್ರ ಸಿಕ್ಕುತ್ತದೆ. ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಉಚಿತವಾಗಿ ಕೊಡುತ್ತಾರೆಂಬುದು ನಿಜ. ಆದರೆ ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದರಲ್ಲಿ ಸಂಪಾದನೆಯ ಕೆಲಸ ಮಾಡುವಂತಿಲ್ಲ. ಪದವಿ ಪಡೆದ ಮೇಲೆ ನೌಕರಿ ದೊರೆಯುವ ಮುನ್ನ ಎಷ್ಟೋ ತಿಂಗಳು ಅಭ್ಯಾಸ ತಪ್ಪದಿರಬೇಕಾದ ಕಾಲದಲ್ಲಿಯೇ ಉಪಕರಣ ಕೈತಪ್ಪುವುದು ಸಣ್ಣ ತೊಂದರೆಯಲ್ಲ.

ಬ್ಲೆಂಡರಿನ ಚರಿತ್ರೆ ಇದಕ್ಕೆ ವ್ಯತಿರಿಕ್ತ. ಟಾನ್ ರೂಸೆಂಡಾಲ್ ಎಂಬ ಡಚ್ಚರವನು ತನ್ನ ಸ್ಟುಡಿಯೋದ ಒಳಬಳಕೆಗೆ ಕಟ್ಟಿದ ತಂತ್ರಾಂಶ ಅದು. ಅದನ್ನು ಮಾರಲು ಹೊರಟ ಸಂಸ್ಥೆ 2002ರಲ್ಲಿ ಮುಳುಗಿತು. ಆಗ ಬಳಕೆದಾರರು ಏಳು ವಾರಗಳಲ್ಲಿ 1,00,000 ಯೂರೊ ಕೂಡಿಸಿ ಅದನ್ನು ಬಿಡಿಸಿಕೊಂಡರು. ಅದೇ ವರ್ಷದ ಅಕ್ಟೋಬರ್ 13ರಂದು ಅದರ ಮೂಲಸಂಕೇತ ಸರ್ವರಿಗೂ ಮುಕ್ತವಾಯಿತು. ಇನ್ನು ಮುಂದೆ ಯಾವ ಸಂಸ್ಥೆ ಕುಸಿದರೂ ವಿದ್ಯಾರ್ಥಿಯ ಗಣಕದಲ್ಲಿರುವ ಪ್ರತಿಯನ್ನು ಯಾರೂ ಹಿಂದಕ್ಕೆ ಪಡೆಯಲಾರರು.

ಇನ್ನೊಂದು ಸಂಗತಿಯನ್ನು ಉದ್ಯಮವಾದಿಗಳು ಮರೆಯುತ್ತಾರೆ. ಪಿಕ್ಸಾರಿನಲ್ಲಿ ಪಾತ್ರಗಳನ್ನು ಆಡಿಸುವುದು ಪ್ರೆಸ್ಟೊ ಎಂಬ ಅವರದೇ ತಂತ್ರಾಂಶದಲ್ಲಿ. 2012ರ 'ಬ್ರೇವ್' ಅದರ ಮೊದಲ ಚಿತ್ರ. ಡ್ರೀಮ್‌ವರ್ಕ್ಸಿನವರು 2014ರ ಚಿತ್ರಕ್ಕೆ ಪ್ರೆಮೊ ಎಂಬುದನ್ನು ಕಟ್ಟಿಕೊಂಡರು. ಇವೆರಡೂ ಹೊರಗಿನವರಿಗೆ ಕಲಿಯಲು ಸಿಕ್ಕುವಂಥವಲ್ಲ. ಅಂದಮೇಲೆ ಅಂಥ ಸ್ಟುಡಿಯೋಗಳು ಅಭ್ಯರ್ಥಿಯ ಚಿತ್ರದಲ್ಲಿ ನೋಡುವುದು ಯಾವ ಗುಂಡಿ ಒತ್ತಬಲ್ಲನು ಎಂಬುದನ್ನಲ್ಲ. ಅವನು ಮೂಟೆ ಎತ್ತಿಸಿದರೆ ಮೂಟೆ ಭಾರವಾಗಿ ಕಾಣುತ್ತದೆಯೇ ಎಂಬುದನ್ನು.

ಬ್ಲೆಂಡರಿನ ಪಕ್ಷದವರೂ ಇದೇ ಬಗೆಯ ತಪ್ಪುವಾದವನ್ನು ಹೂಡುತ್ತಾರೆ. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ನಿರ್ದೇಶಿಸಿದ 'ಫ್ಲೋ' ಚಿತ್ರ 2024ರಲ್ಲಿ ತೆರೆಕಂಡು 2025ರಲ್ಲಿ ಆಸ್ಕರ್ ಪಡೆಯಿತು. ಅದು ಬ್ಲೆಂಡರಿನಲ್ಲಿ ಆದದ್ದು. ಆದ್ದರಿಂದ ಬ್ಲೆಂಡರೇ ಶ್ರೇಷ್ಠ ಎನ್ನುತ್ತಾರೆ. ಮಾತಿಲ್ಲದ ಆ ಚಿತ್ರದಲ್ಲಿ ಬೆಕ್ಕು ನೆಗೆಯುವ ಮೊದಲು ಅನುಮಾನಿಸುವ ಪರಿ, ಕಿವಿಯನ್ನು ಹಿಂದಕ್ಕೆ ಮಡಿಸುವ ಪರಿ, ಇವುಗಳಲ್ಲಿರುವ ಸ್ವಾರಸ್ಯ ಬೆಕ್ಕುಗಳನ್ನು ನೋಡಿ ಬಂದದ್ದು. ತಂತ್ರಾಂಶ ಅದಕ್ಕೆ ಅಡ್ಡಬರಲಿಲ್ಲ ಎಂದಷ್ಟೆ ಹೇಳಬಹುದು, ಮತ್ತು ಅಷ್ಟು ಹೇಳಿದರೆ ಸಾಕು.

ಮಾಯಾದ ಗುಣಗಳನ್ನು ನಾವು ಅಲ್ಲಗಳೆಯುವುದಿಲ್ಲ. ಮೂಲಚಲನೆಯನ್ನು ಕೆಡಿಸದೆ ಅದರ ಮೇಲೆ ಪದರ ಪದರವಾಗಿ ತಿದ್ದುವ ಕ್ರಮ ಅದರಲ್ಲಿ ಪಕ್ವವಾಗಿದೆ. ಬ್ಲೆಂಡರಿನಲ್ಲಿ ಈ ಕೆಲಸ ಇನ್ನೂ ಅಷ್ಟು ಸಲೀಸಲ್ಲ. ಬಹಳ ಹಿಡಿಗಳುಳ್ಳ ಭಾರಿ ರಿಗ್ಗುಗಳನ್ನು ಅದು ಚುರುಕಾಗಿ ನಡೆಯಿಸುತ್ತದೆ. ನೂರು ಜನ ಒಂದೇ ಚಿತ್ರದಲ್ಲಿ ದುಡಿಯುವಾಗ ಈ ಗುಣಗಳು ನಿರ್ಣಾಯಕ. ಚೆಂಡು ಬೀಳಿಸುತ್ತಿರುವವನಿಗೆ ಇವುಗಳ ಪ್ರಯೋಜನ ಇನ್ನೂ ದೂರ.

ಶ್ರಮವನ್ನೇ ತಪ್ಪಿಸುವ ಉಪಕರಣಗಳ ವಿಷಯ ಚಿಕ್ಕದಾಗಿ ಹೇಳಬಹುದು. ಅಡೋಬಿ ಸಂಸ್ಥೆಯ ಮಿಕ್ಸಾಮೊದಲ್ಲಿ ಸಿದ್ಧವಾದ ನಡಿಗೆಗಳ ಭಂಡಾರವೇ ಇದೆ. ಪಾತ್ರಕ್ಕೆ ಒಂದನ್ನು ತೊಡಿಸಿದರೆ ಮುಗಿಯಿತು. ಆಟ ತಯಾರಿಸುವವನಿಗೆ ಅದು ಉಪಕಾರಿ, ಕಲಿಯುವವನಿಗೆ ಎರವಲು ನಡಿಗೆ. ಕ್ಯಾಸ್ಕೇಡರ್ ಎಂಬುದು ನೆಗೆತ, ಬೀಳುವಿಕೆಗಳ ಭೌತಿಕ ನಿಯಮವನ್ನು ತಾನೇ ಲೆಕ್ಕಹಾಕಿ ತಿದ್ದುತ್ತದೆ. ಭಾರದ ಅರಿವು ಬಂದವನು ತನ್ನ ಕೆಲಸವನ್ನು ಅದರೊಡನೆ ಹೋಲಿಸಿ ನೋಡಿದರೆ ಲಾಭವುಂಟು. ಅರಿವು ಬರುವ ಮೊದಲೇ ಅದನ್ನು ಕೊಡುವುದು ಮಗ್ಗಿ ಬಾರದ ಹುಡುಗನ ಕೈಗೆ ಲೆಕ್ಕದ ಯಂತ್ರ ಕೊಟ್ಟಂತೆ.

ನೌಕರಿಯ ಮಾತನ್ನು ಲಘುವಾಗಿ ಕಾಣಲಾಗದು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನಲ್ಲಿದ್ದ ಅದರ ಶಾಖೆಯೂ ಕೆಲಸ ನಿಲ್ಲಿಸಿತು, ಅಲ್ಲಿ ದುಡಿಯುತ್ತಿದ್ದವರು ದಿನಗಳ ಅಂತರದಲ್ಲಿ ಹೊರಬಿದ್ದರು. ಸ್ಟುಡಿಯೋವೇ ಇಷ್ಟು ಅನಿಶ್ಚಿತವಾಗಿರುವಾಗ ಒಂದು ಸ್ಟುಡಿಯೋದ ಪದ್ಧತಿಗೆ ವಿದ್ಯಾರ್ಥಿಯನ್ನು ಎರಕಹೊಯ್ಯುವುದು ಅವನ ಹಿತವಲ್ಲ. ಒಂದು ಉಪಕರಣದಿಂದ ಇನ್ನೊಂದಕ್ಕೆ ದಾಟುವ ಶಕ್ತಿಯನ್ನೂ ವಿದ್ಯಾಭ್ಯಾಸದಲ್ಲಿಯೇ ಕಲಿಸಬೇಕು.

ಆದ್ದರಿಂದ ನಮ್ಮ ಸಲಹೆ ಇದು. ಮೊದಲ ವರ್ಷ ಬ್ಲೆಂಡರ್, ಒಂದೇ ಒಂದು ಸಿದ್ಧ ರಿಗ್, ಉಳಿದ ಕೋಣೆಗಳಿಗೆಲ್ಲ ಬೀಗ. ಚೆಂಡು, ಬಾಲವುಳ್ಳ ಚೆಂಡು, ನಡಿಗೆ, ಭಾರ ಎತ್ತುವುದು: ಅಭ್ಯಾಸಗಳು ಇಷ್ಟೇ. ಎರಡನೆಯ ವರ್ಷದಲ್ಲಿ ಮೂರು ತಿಂಗಳು ಮಾಯಾ ಕೊಟ್ಟು ಇದೇ ಅಭ್ಯಾಸಗಳನ್ನು ಮತ್ತೆ ಮಾಡಿಸಬೇಕು, ಹೊಸವನ್ನಲ್ಲ. ಆಗ ಬದಲಾದದ್ದು ಗುಂಡಿಗಳು ಮಾತ್ರ ಎಂಬುದು ವಿದ್ಯಾರ್ಥಿಗೆ ಸ್ವಾನುಭವದಿಂದ ತಿಳಿಯುತ್ತದೆ. ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಹಳೆಯ ಗಣಕಗಳೇ ಹೆಚ್ಚು; ಅವು ಭಾರಿ ರಿಗ್ಗನ್ನು ಸೆಕೆಂಡಿಗೆ 24 ಫ್ರೇಮಿನ ವೇಗದಲ್ಲಿ ತೋರಿಸಲಾರವು. 24ರ ಬದಲು 12 ಫ್ರೇಮಿನಂತೆ ಓಡಿದರೆ ಅರ್ಧ ಸೆಕೆಂಡಿನ ಹೆಜ್ಜೆ ಒಂದು ಸೆಕೆಂಡಿನದಾಗಿ ಕಾಣುತ್ತದೆ, ವಿದ್ಯಾರ್ಥಿ ಸರಿಯಾದುದನ್ನೇ ತಪ್ಪೆಂದು ತಿದ್ದಿಬಿಡುತ್ತಾನೆ. ಆದಕಾರಣ ಹಗುರವಾದ ರಿಗ್ಗನ್ನೇ ಆರಿಸಬೇಕು, ಅಥವಾ ಪ್ರತಿಸಲವೂ ಒಂದು ಕಚ್ಚಾ ವೀಡಿಯೊ ತೆಗೆದು ಅದನ್ನು ನೋಡಿ ತೀರ್ಮಾನಿಸುವ ರೂಢಿ ಮಾಡಿಸಬೇಕು. ಪರೀಕ್ಷೆಯಲ್ಲಿ ಚಿತ್ರದೊಂದಿಗೆ ಸೊಂಟದ ಚಲನೆಯ ವಕ್ರರೇಖೆಯನ್ನೂ ಒಪ್ಪಿಸುವಂತೆ ವಿಧಿಸಿ, ಅದರ ಒಂದೊಂದು ತಿರುವನ್ನೂ ಏಕೆ ಹಾಗಿಟ್ಟನೆಂದು ವಿದ್ಯಾರ್ಥಿಯನ್ನೇ ಕೇಳಬಹುದು. ಯಂತ್ರ ತುಂಬಿದ್ದು ಎಷ್ಟು, ತಾನು ಇಟ್ಟದ್ದು ಎಷ್ಟು ಎಂಬುದು ಆ ಉತ್ತರಗಳಲ್ಲಿ ಹತ್ತು ನಿಮಿಷಗಳೊಳಗೆ ಹೊರಬೀಳುತ್ತದೆ.